ಮತ್ಯಾರು ಇದ್ದರು

ಸ್ಯಾನಿಟೈಜರಿನ ವಾಸನೆ, ಅದರ ಬೆನ್ನಿಗೇ ಅತ್ತರು, ಮೂಗಿನ ಕೆಳಗೆ ಜಾರಿದ ಮಾಸ್ಕು — ಇವನೇ, ಮಿಲಿಂದನೇ, ರಾಮದುರ್ಗದ ದೊಡ್ಡ ಮನೆಯವನು, ನನ್ನವ್ವ ಶಟ್ಟೆವ್ವ ವರ್ಷಾನುಗಟ್ಟಲೆ ಭಾಂಡೆ ತಿಕ್ಕಿದ ಮನೆಯ ಮಗ, ಸವದತ್ತಿ ಬಸ್ ಸ್ಟ್ಯಾಂಡಿನ ಎದುರಿಗಿನ ನನ್ನ ಟ್ರಾವೆಲ್ಸ್ ಅಂಗಡಿಯಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದಾನೆ, ಮಗ್ಗುಲಿಗೆ ಹೆಂಡತಿ ಪದ್ಮಜಾ, ನೀವ ಮಹಾನಂದಾ ಮೇಡಮ್ಮರೇನ್ರಿ ಎಂದ, ಹೌದ್ರಿ ಎಂದೆ, ಅವನಿಗೆ ನನ್ನ ಗುರುತು ಹತ್ತಲಿಲ್ಲ, ಹೇಗೆ ಹತ್ತೀತು, ಹಿತ್ತಲಲ್ಲಿ ಅವ್ವನ ಸೆರಗು ಹಿಡಿದು ಕೂತಿರುತ್ತಿದ್ದ ಹುಡುಗಿಯ ಮುಖವನ್ನು ಆ ಮನೆಯಲ್ಲಿ ಯಾರು ನೋಡಿದ್ದರು, ಈಗಂತೂ ನನ್ನ ಮುಖಕ್ಕೂ ಮಾಸ್ಕು. ಅಂಡಮಾನಕ್ಕ ಹೋಗೋದದರೀ, ಎರಡೂ ಡೋಸ್ ಆಗ್ಯಾವ ನಮ್ಮವು, ಮತ್ತ ಟೆಸ್ಟ್ ಯಾಕ ಬೇಕ್ರಿ, ಅಲ್ಲಿ ಇಳದ ಮ್ಯಾಲೆ ಕೂಡಿಹಾಕತಾರೇನು, ಹಡಗದಾಗ ಒಂದು ದ್ವೀಪದಿಂದ ಇನ್ನೊಂದಕ್ಕ ಹೋಗ್ಬೇಕಾದ್ರ ಮತ್ತ ಪರವಾನಗಿ ತಗೋಬೇಕೇನು — ವಿಮಾನ ಮತ್ತೆ ಶುರುವಾದಾಗಿನಿಂದ ಎಲ್ಲರೂ ಕೇಳುವುದು ಇದನ್ನೇ, ಕಿತ್ತೂರಿನ ಮಾಸ್ತರರು ಕೇಳಿದರು, ಬೈಲಹೊಂಗಲದ ಹೊಸ ಜೋಡಿ ಕೇಳಿತು, ಎಲ್ಲರಿಗೂ ಬಿಡಿಸಿ ಹೇಳಿದ್ದೇನೆ, ಚಹಾ ತರಿಸಿದ್ದೇನೆ, ಇವನಿಗೆ ಮಾತ್ರ ನಾಲಿಗೆ ಏಳುತ್ತಿಲ್ಲ, ಕಂಪ್ಯೂಟರ್ ನಿಧಾನ ಐತ್ರಿ, ಸ್ವಲ್ಪ ತಡೀರಿ ಎಂದು ಸುಳ್ಳು ಹೇಳಿ ಪರದೆ ನೋಡುತ್ತ ಕೂತಿದ್ದೇನೆ.

ಕೊರೊನಾದ ಮೊದಲ ಮಳೆಗಾಲ, ಪುಣೆಯಿಂದ ಜ್ವರ ಹೊತ್ತು ಬಂದವನು ಇವನೇ, ಪದ್ಮಜಾ ಆಗ ತವರಿನಲ್ಲಿ, ಹಣೆಯ ಮೇಲೆ ತಣ್ಣೀರಿನ ಅರಿವೆ ಇಡಲು ನನ್ನವ್ವನೇ ಬೇಕಾಯಿತು, ಅವ್ವಾ ಹೋಗಬ್ಯಾಡ ಅಂದೆ, ಹಂಗ ಬಿಟ್ಟು ಬರಾಕ ಆಕ್ಕೈತೇನ ಅಂದಳು. ಪಾಸಿಟಿವ್ ಅಂತ ಗೊತ್ತಾದ ದಿನ ಆರೋಗ್ಯ ಇಲಾಖೆಯ ಹುಡುಗಿ ಫೋನ್ ಮಾಡಿದಳು, ನಿಮ್ಮ ಹತ್ರ ಯಾರ್ಯಾರು ಇದ್ರು ಹೇಳ್ರಿ, ಅವ್ವ ಅವನ ಎದುರಿಗೇ ಅರಿವೆ ಹಿಂಡುತ್ತಿದ್ದಳು, ಯಾರೂ ಇಲ್ರಿ, ನಾ ಒಬ್ಬನ ಇದ್ದೇನಿ ಎಂದ ಇವನು, ಫೋನಿಗೆ ಕೈ ಮುಚ್ಚಿ ಅವ್ವನಿಗೆ ಹೇಳಿದ, ಶಟ್ಟೆವ್ವಾ, ಯಾರ ಕೇಳಿದ್ರೂ ನೀ ಇಲ್ಲಿ ಬಂದೇ ಇಲ್ಲ ಅನ್ನು, ಮನಿ ಮುಂದ ಸೀಲ್‌ಡೌನ್ ಪಟ್ಟಿ ಕಟ್ಟತಾರ, ಮರ್ಯಾದಿ ಹೋಗತದ. ಅವ್ವ ಆ ಮಾತು ಉಳಿಸಿಕೊಂಡಳು. ಅವನದು ಬರೀ ಥಂಡಿ ಜ್ವರ ಅಂತ ನನಗೂ ನಂಬಿಸಿದಳು, ಕೆಮ್ಮಿದಳು, ಮಳೆಯಲ್ಲಿ ತೋಯ್ದೆ ಅಂದಳು, ದವಾಖಾನೆಗೆ ಕರೆದೊಯ್ದರೆ ಡಾಕ್ಟರು ಕೇಳಿದರು, ರೋಗ ಇದ್ದವರ ಹತ್ರ ಹೋಗಿದ್ದಿಯೇನಮ್ಮ, ನನ್ನ ಕಣ್ಣೆದುರಿಗೇ ಇಲ್ಲ ಎಂದು ತಲೆ ಅಲ್ಲಾಡಿಸಿದಳು, ಗುಳಿಗೆ ಕೊಟ್ಟರು, ಬಂದೆವು. ಇದನ್ನೆಲ್ಲ ಅವ್ವ ಬಾಯಿಬಿಟ್ಟಿದ್ದು ಬೆಳಗಾವಿಯ ವಾರ್ಡಿನಿಂದ, ಯಾರದೋ ಫೋನಿನಲ್ಲಿ, ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಎಷ್ಟೊಂದು ಉಸಿರು — ಹೇಳಬ್ಯಾಡ ಅಂದಿದ್ರವ್ವಾ, ನಾ ಮಾತ ಕೊಟ್ಟಿದ್ನಿ. ಅದೇ ಕೊನೆಯ ಮಾತು. ಮುಖ ತೋರಿಸಲಿಲ್ಲ ನಮಗೆ, ದೂರದಿಂದ ಹೆಣ ಸುತ್ತಿದ ಒಂದು ಚೀಲ ತೋರಿಸಿದರು, ಇವನು ಗುಣವಾದ, ತಿಂಗಳೊಳಗೆ ಭಾಂಡೆಗೆ ಬೇರೆಯವಳನ್ನು ಹಚ್ಚಿಕೊಂಡ, ನಮ್ಮ ಮನೆಯ ಹೊಸ್ತಿಲು ತುಳಿಯಲಿಲ್ಲ.

ಈಗ ಬಂದಿದ್ದಾನೆ, ತಾನಾಗಿ ಬಂದಿದ್ದಾನೆ, ಟೆಸ್ಟ್ ಗಿಸ್ಟ್ ಏನೂ ಬೇಕಾಗಿಲ್ರಿ, ಆರಾಮ ಹೋಗಿ ಬರ್ರಿ ಎಂದುಬಿಡಲೇ, ಚೆನ್ನೈಯಲ್ಲಿ ವಿಮಾನದ ಬಾಗಿಲಿನಿಂದ ತಿರುಗಿಸಿ ಕಳಿಸಲಿ, ಬೇಡ, ಅಷ್ಟು ಸಾಲದು, ದ್ವೀಪಕ್ಕೆ ಮುಟ್ಟಲಿ, ಸುತ್ತ ನೀರು, ಅಲ್ಲಿ ಜ್ವರ ಬರಲಿ, ಒಂದು ಕೋಣೆ, ಹೊರಗಿನಿಂದ ಚಿಲಕ, ಊಟದ ತಾಟು ಬಾಗಿಲಲ್ಲಿಟ್ಟು ಓಡಿಹೋಗುವ ಹೆಜ್ಜೆ ಕೇಳಲಿ, ಫೋನ್ ಮಾಡಲಿ, ಯಾರೂ ಎತ್ತದಿರಲಿ, ಸಾಯುವುದು ಬೇಡ ಇವನು, ಅವ್ವ ಎಳೆದ ಹಾಗೆ ಒಂದೊಂದೇ ಉಸಿರು ಎಳೆದು ತಿಳಿದುಕೊಳ್ಳಲಿ, ತಿಳಿದುಕೊಂಡು ಬದುಕಿರಲಿ — ಇನ್ನೊಂದು ಮಾತ್ರಿ ಮೇಡಮ್, ಮಿಲಿಂದ ಮುಂದಕ್ಕೆ ಬಾಗಿದ, ದನಿ ತಗ್ಗಿಸಿದ, ನಮ್ಮ ಡ್ರೈವರ್ ಯಮನಪ್ಪಗ ನಿನ್ನೆ ಪಾಸಿಟಿವ್ ಬಂದದ, ಅವನ ಗಾಡ್ಯಾಗ ಮೊನ್ನೆ ಕಿತ್ತೂರಿಗೆ ಹೋಗಿ ಬಂದೇವಿ ನಾವು, ಇಲಾಖೆಯವರು ಫೋನ್ ಮಾಡಿ ಕೇಳಿದ್ರು, ಹೋಗೇ ಇಲ್ಲ ಅಂದುಬಿಟ್ಟೆ, ಟೆಸ್ಟ್ ಮಾಡಿಸದೇ ನೆಗೆಟಿವ್ ರಿಪೋರ್ಟ್ ಸಿಗೋ ಹಾದಿ ಏನರ ಅದ ಏನ್ರಿ, ರಾಮದುರ್ಗದಾಗ ಕೇಳಿದ್ರ ಊರಿಗೆಲ್ಲ ಗೊತ್ತಾಗತದ, ಅದಕ್ಕ ಇಲ್ಲಿತನಕ ಬಂದೆ. ನಿಜ ಹೇಳಿಬಿಡೂಣ್ರಿ, ಯಾಕ ಬೇಕು ಇದೆಲ್ಲ ಎಂದಳು ಪದ್ಮಜಾ, ನೀ ಸುಮ್ನಿರು ಎಂದ, ನನ್ನ ಕಡೆ ತಿರುಗಿ ನಕ್ಕ, ಭಾಂಡೆ ತಿಕ್ಕೋ ಬೀರವ್ವಗೂ ಹೇಳಿಟ್ಟೇನಿ, ಆಕಿಗೂ ಚೂರು ಕೆಮ್ಮು ಅದ, ಥಂಡಿದು, ಆಕಿ ಬಾಯಿ ಬಿಡಂಗಿಲ್ಲ ಬಿಡ್ರಿ.

ಬೀರವ್ವ. ಬಾಯಿ ಬಿಡುವುದಿಲ್ಲ. ದ್ವೀಪ, ಕೋಣೆ, ಚಿಲಕ ಎಲ್ಲ ಎಲ್ಲಿಗೆ ಹೋದವೋ, ಕೈ ತಾನೇ ಫೋನಿನ ಮೇಲೆ ಹೋಯಿತು, ಕೊರೊನಾ ಸಹಾಯವಾಣಿ, ಸ್ಪೀಕರ್ ಹಚ್ಚಿ ಮೇಜಿನ ಮೇಲಿಟ್ಟೆ, ಇವನಿಗೂ ಕೇಳಲಿ, ಹೇಳ್ರಿ ಎಂದಳು ಹುಡುಗಿಯೊಬ್ಬಳು, ಇವನ ಹೆಸರು ಹೇಳಿದೆ, ಓಣಿ ಹೇಳಿದೆ, ಯಮನಪ್ಪನ ಗಾಡಿ ಹೇಳಿದೆ, ಸುಳ್ಳ ಹೇಳ್ಯಾರಿವರು, ರಿಪೋರ್ಟ್ ಸುದ್ದಾ ಸುಳ್ಳ ಮಾಡಿಸಾಕ ಬಂದಾರ್ರಿ ಎಂದೆ. ಏ, ಏನ ಮಾಡಲಿಕ್ಕತ್ತೀ, ಇಡು ಫೋನು, ನಾ ಯಾರು ಗೊತ್ತದೇನು ಎಂದು ಮಿಲಿಂದ ಎದ್ದು ನಿಂತ, ಗೊತ್ತೈತ್ರಿ, ಮಾಸ್ಕು ಇಳಿಸಿದೆ, ನಾ ಯಾರು ನಿಮಗ ಗೊತ್ತಿಲ್ಲ, ಶಟ್ಟೆವ್ವನ ಮಗಳ್ರಿ ನಾ. ಅವನ ಮುಖ ಬಿಳಿಚಿಕೊಳ್ಳುವುದನ್ನು ನೋಡಿದೆ, ಆಹಾ, ಕಣ್ಣು ತುಂಬ ನೋಡಿದೆ, ಕುರ್ಚಿ ತಡಕಾಡಿ ಕೂತ, ಪದ್ಮಜಾ ಇವನಿಂದ ಒಂದಿಷ್ಟು ಸರಿದು ಕೂತಳು, ಯಾರ್ರಿ ಶಟ್ಟೆವ್ವ ಎಂದು ಮೆಲ್ಲಗೆ ಕೇಳಿದಳು, ಅವನು ಮಾಸ್ಕನ್ನು ಮೂಗಿನ ಮೇಲಕ್ಕೆ ಎಳೆದುಕೊಂಡ. ಅವರ ಹತ್ರ ಯಾರ್ಯಾರು ಇದ್ರು ಹೇಳ್ರಿ ಎನ್ನುತ್ತಿದೆ ಫೋನು, ಮೊದಲ ಬೀರವ್ವನ ಕಡೆ ಹೋಗ್ರಿ, ಕೆಮ್ಮಾಕ ಹತ್ಯಾಳ, ಆಕಿ ಇಲ್ಲಂತಾಳ, ನಂಬಬ್ಯಾಡ್ರಿ, ಟೆಸ್ಟ್ ಮಾಡ್ರಿ ಎಂದೆ, ಇವರ ಹೆಂಡತಿ ಎಂದೆ, ನಾನು ಎಂದೆ, ಅಂಗಡಿ ಮುಚ್ಚಿದರೆ ಮುಚ್ಚಲಿ, ಬರಕೊಂಡೇನ್ರಿ, ಮತ್ಯಾರು ಇದ್ರು ಎಂದಳು ಹುಡುಗಿ, ಮತ್ಯಾರು — ಅರಿವೆ ಹಿಂಡುವ ಅವ್ವನ ಕೈ, ಭಾಂಡೆಯ ಬೂದಿ ಉಗುರಿನ ಸಂದಿಯಲ್ಲಿ, ಹಲೋ, ಕೇಳಸ್ತದೇನ್ರಿ, ಮತ್ಯಾರು ಇದ್ರು, ಬೆರಳ ಸಂದಿಯಿಂದ ನೀರು ತೊಟ್ಟಿಕ್ಕುತ್ತಿದೆ, ಹಲೋ, ಆ ಕೈ, ಒದ್ದೆ ಅರಿವೆ ಹಿಂಡುವ ಆ ಕೈ —