ಹ್ಞೂಂ ಮೇಡಂ

ಅವರ ಬಾಯಿಂದ ದಿನಕ್ಕೆ ಎಷ್ಟು ಸಲ "ಹ್ಞೂಂ" ಹೊರಡುತ್ತಿತ್ತೆಂದು ಹೇಳುವುದು ಕಷ್ಟ. ವಿಶೇಷ ಅಗತ್ಯಗಳುಳ್ಳ ತರುಣ ತರುಣಿಯರಿಗೆ ಪುಸ್ತಕದ ಬೈಂಡಿಂಗ್ ಕಲಿಸುವ ಕೇಂದ್ರದ ಆ ಉದ್ದನೆಯ ಕೋಣೆಯಲ್ಲಿ, ಯಾರಾದರೂ ಹಾಳೆ ಮಡಿಸಿದರೆ ಒಂದು ಹ್ಞೂಂ, ಮಡಿಕೆಯನ್ನು ಚಪ್ಪಟೆ ಪಟ್ಟಿಯಿಂದ ಒತ್ತಿದರೆ ಒಂದು ಹ್ಞೂಂ, ಸೂಜಿಗೆ ದಾರ ಪೋಣಿಸಿದರೆ ಕೊಂಚ ಎಳೆದ ಇನ್ನೊಂದು. ಕಲಿಯಲು ಬಂದವರು ಅವರಿಗೆ ಹ್ಞೂಂ ಮೇಡಂ ಎಂದೇ ಹೆಸರಿಟ್ಟಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಅದಕ್ಕೂ ಹ್ಞೂಂ ಎಂದು ಸುಮ್ಮನಾಗಿದ್ದರು.

ಸ್ವಭಾವತಃ ಪುಕ್ಕಲು. ತುಳುಕುವಷ್ಟು ತುಂಬಿದ ಕೊಡ ಹೊತ್ತವರ ಹಾಗೆ ನೆಲ ನೋಡುತ್ತ ಬೇಗಬೇಗ ನಡೆಯುವರು. ಅಂಟು ಮೆತ್ತಿ ಮೆತ್ತಿ ತೋಳು ತಗಡಾಗಿದ್ದ ನೀಲಿ ಕೋಟನ್ನು ಬಿಚ್ಚಲು ಮರೆತು ಎಷ್ಟೋ ಸಲ ಹಾಗೆಯೇ ಮನೆ ಸೇರುವರು. ಕಾಗದ ಕತ್ತರಿಸುವ ಯಂತ್ರಕ್ಕೆ ಬೀಗ ಹಾಕಿ, ಬಸ್ ನಿಲ್ದಾಣದವರೆಗೂ ಹೋಗಿ, ತಿರುಗಿ ಬಂದು ಬೀಗ ಜಗ್ಗಿ ನೋಡುವುದು ನಿತ್ಯದ ಕ್ರಮ. ಒಮ್ಮೆ ಎಲ್ಲರನ್ನೂ ಉದ್ಯಾನಕ್ಕೆ ಕರೆದೊಯ್ದಾಗ ಒಬ್ಬ ಹಿಂದೆ ಉಳಿದುಬಿಟ್ಟಿದ್ದ, ಹತ್ತೇ ನಿಮಿಷ. ಅಂದಿನಿಂದ ತಲೆ ಎಣಿಸುವುದು ಚಟವಾಯಿತು. ಸ್ವಂತ ಮಗಳ ಮದುವೆಯಲ್ಲಿ ಬಾಗಿಲ ಬಳಿ ನಿಂತು ಬಂದವರ ತಲೆ ಎಣಿಸುತ್ತಿದ್ದುದನ್ನು ಕಂಡು, ಊಟಕ್ಕೆ ಹಿಡಿತ ಮಾಡುತ್ತಿದ್ದಾರೆಂದು ಬೀಗರು ಮುಖ ಗಂಟಿಕ್ಕಿದ್ದರಂತೆ.

ಅವರ ಬಳಿ ಮೂರು ವರ್ಷ ಕಲಿತ ಹುಡುಗಿಯೊಬ್ಬಳಿದ್ದಳು. ಮಾತು ನಿಧಾನ, ಕೈ ಬಲು ಅಚ್ಚುಕಟ್ಟು. ಅವಳು ಮಡಿಸಿದ ಹಾಳೆಯ ಅಂಚು ಕೂದಲೆಳೆಯಷ್ಟೂ ಆಚೀಚೆಯಾಗುತ್ತಿರಲಿಲ್ಲ. ಮುದ್ರಣಾಲಯವೊಂದು ಅವಳನ್ನು ಎರಡು ದಿನ ಕೆಲಸಕ್ಕೆ ಹಚ್ಚಿ ನೋಡಲು ಒಪ್ಪಿತು. ಹಿಂದೊಂದು ಕಡೆ ಹೋಗಿ ಅರ್ಧ ದಿನಕ್ಕೇ ವಾಪಸಾಗಿದ್ದಳು. ಇದೂ ಕೈತಪ್ಪಿದರೆ ಕೇಂದ್ರದ ನಿಯಮದಂತೆ ಪಟ್ಟಿಯಿಂದ ಹೆಸರು ಹೋಗಿ, ಮನೆಯ ಕಿಟಕಿಯ ಪಕ್ಕದ ಕುರ್ಚಿಯೇ ಗತಿ. ಅವಳ ಚಿಕ್ಕಮ್ಮ ಹೊಸ ಚಪ್ಪಲಿ ಹಾಕಿಸಿ ಕರೆತಂದು, ಮೇಡಂ ಕೈಗೆ ಒಪ್ಪಿಸಿ ಹೊರಟುಹೋದರು.

ಕಲಿಸಿದವರು ಒಳಗೆ ಬರಕೂಡದೆಂಬುದು ಮುದ್ರಣಾಲಯದ ಕರಾರು. ಮೇಡಂ ಗಾಜಿನ ಗೋಡೆಯ ಈಚೆ ನಿಂತರು. ಹುಡುಗಿ ಒಂದು ಹಾಳೆ ಮಡಿಸಿದಳು, ಲಕ್ಷಣವಾಗಿ; ಮಡಿಸಿ, ಕೈಗಳನ್ನು ತೊಡೆಯ ಮೇಲಿಟ್ಟು, ತಲೆಯೆತ್ತಿ ಕುಳಿತಳು. ಮೇಸ್ತ್ರಿ ಬಂದು ಇನ್ನೊಂದು ಹಾಳೆ ಮುಂದಿಟ್ಟಾಗ ಅದನ್ನೂ ಮಡಿಸಿ ಮತ್ತೆ ಹಾಗೆಯೇ ಕುಳಿತಳು. ಗಂಟೆಗೆ ಏಳೇ ಹಾಳೆ. ಅವಳು ಏತಕ್ಕೆ ಕಾಯುತ್ತಿದ್ದಾಳೆಂದು ಮೇಡಂಗೆ ಆಗ ಹೊಳೆಯಿತು. ಅವಳು ಹ್ಞೂಂಗೆ ಕಾಯುತ್ತಿದ್ದಳು. ಮೂರು ವರ್ಷ ತಾವು ಕೊಟ್ಟ ಊರುಗೋಲೇ ಈಗ ಕಾಲಿಗೆ ತೊಡರಿತ್ತು.

ಮೇಸ್ತ್ರಿ ಹೊರಗೆ ಬಂದ. "ಒಳ್ಳೆ ಹುಡುಗಿನೇ. ಆದ್ರೆ ಇವಳ ಬೆನ್ನಿಗೆ ಒಬ್ರು ನಿಂತೇ ಇರೋಕೆ ಆಗುತ್ತಾ, ಮೇಡಂ?"

"ಅವಳ ತಪ್ಪಲ್ಲ. ನಾನೇ ಕೆಡಿಸಿಟ್ಟಿದ್ದೀನಿ. ನಾಳೆ ಒಂದಿನ ನೋಡಿ."

ಅಂದು ಮಧ್ಯಾಹ್ನವೇ ಹುಡುಗಿಯನ್ನು ಕರೆದುಕೊಂಡು ಕೇಂದ್ರಕ್ಕೆ ಮರಳಿ, ಅವಳ ಎದುರಿಗೆ ತುಟಿ ಬಿಗಿದು ಕುಳಿತರು. ಹುಡುಗಿ ಮಡಿಸಿದಳು, ತಲೆಯೆತ್ತಿದಳು. ಮೇಡಂ ಸುಮ್ಮನಿದ್ದರು. ಹ್ಞೂಂ ಎನ್ನುವುದು ನಾಲಗೆಯ ತುದಿಗೆ ಬಂದು ನಿಂತಿತ್ತು. ಅದನ್ನು ನುಂಗುವಾಗ ಅವರಿಗೆ ಜೀವ ಹಿಂಡಿದಂತಾಗುತ್ತಿತ್ತು. ಹುಡುಗಿಯ ಕಣ್ಣು ತುಂಬಿತು.

"ತಪ್ಪಾಯ್ತಾ?"

"ನಾನು ಹೇಳಲ್ಲ. ನೀನೇ ನೋಡು."

ಅಷ್ಟು ಗಡುಸಾಗಿ ಅವರು ಯಾರೊಂದಿಗೂ ಮಾತಾಡಿದವರಲ್ಲ. ಹುಡುಗಿ ಉಗುರನ್ನು ಅಂಚಿನ ಉದ್ದಕ್ಕೂ ಆಡಿಸಿದಳು, ಹಾಳೆಯನ್ನು ಬೆಳಕಿಗೆ ಹಿಡಿದಳು, ಇಳಿಸಿದಳು. "ಹ್ಞೂಂ" ಎಂದು ತನಗೆ ತಾನೇ ಹೇಳಿಕೊಂಡು ಎರಡನೆಯದಕ್ಕೆ ಕೈಹಾಕಿದಳು. ಸದ್ಯ, ಕೆಡಲಿಲ್ಲವಲ್ಲ ಎಂಬ ನಡುಕ ಮೇಡಂ ಅವರ ಹ್ಞೂಂನಲ್ಲಿ ಯಾವತ್ತೂ ಇರುತ್ತಿತ್ತು. ಇವಳದರಲ್ಲಿ ಅದು ಇರಲಿಲ್ಲ.

ಮರುದಿನ ಗಾಜಿನಾಚೆ ಅವಳ ತುಟಿ ಹಾಳೆಗೊಮ್ಮೆ ಆಡುವುದಷ್ಟೇ ಕಾಣುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮಡಿಸಿದ ಹಾಳೆಗಳ ರಾಶಿ ಅವಳ ಗಲ್ಲದ ಮಟ್ಟಕ್ಕೆ ಬಂದಿತ್ತು; ಪಕ್ಕದ ಇಬ್ಬರು ಹಳೆಯ ಕೆಲಸಗಾರರೂ ಅರಿವಿಲ್ಲದೆ ಹ್ಞೂಂ ಹ್ಞೂಂ ಎನ್ನತೊಡಗಿದ್ದಾರೆಂದು ಮೇಸ್ತ್ರಿ ನಗುತ್ತ ಬಂದು ಹೇಳಿ, ಸೋಮವಾರದಿಂದ ಕಳಿಸಿ ಎಂದ. ಮೇಡಂಗೆ ಅಳುವೇ ಬಂತು. ಕಣ್ಣೊರೆಸಿಕೊಳ್ಳುವ ಮೊದಲೇ, ಮೆಟ್ಟಿಲಿಗೆ ಹಿಡಿಕೆ ಯಾಕಿಲ್ಲ, ರಸ್ತೆ ದಾಟಿಸುವವರು ಯಾರು, ಜ್ವರ ಬಂದರೆ ಯಾರಿಗೆ ತಿಳಿಸುತ್ತೀರಿ ಎಂದು ಅವನನ್ನು ಕೇಳಿ ಕೇಳಿ ಸುಸ್ತುಮಾಡಿದರು. ಕೊನೆಗೆ ಹುಡುಗಿಯೇ ಬಾಗಿಲಿಗೆ ಬಂದು, "ನೀವು ಹೋಗಿ ಮೇಡಂ, ನನಗೆ ಕೆಲಸ ಇದೆ" ಎಂದಳು.

ಧೈರ್ಯ ಕಲಿಸುವವರು ಧೈರ್ಯವಂತರೇ ಆಗಿರಬೇಕೆಂದು ನಾವು ಸುಲಭವಾಗಿ ನಂಬಿಬಿಡುತ್ತೇವೆ. ಇಂಥವರನ್ನು ಕಂಡರೆ ಆ ನಂಬಿಕೆ ನಿಲ್ಲುವುದಿಲ್ಲ. ಹೆದರಿಕೆಯ ತೂಕ ಬಲ್ಲವರಾದ್ದರಿಂದಲೇ ಅವರು ಅದನ್ನು ಇನ್ನೊಬ್ಬರ ಹೆಗಲಿನಿಂದ ತಾಳ್ಮೆಯಿಂದ, ಕೊಂಚಕೊಂಚವಾಗಿ ಇಳಿಸಬಲ್ಲರು. ಇಳಿಸಿದ್ದನ್ನು ಎಲ್ಲಿಡಬೇಕೆಂದು ತಿಳಿಯದೆ, ಅಷ್ಟನ್ನೂ ತಾವೇ ಹೊತ್ತುಕೊಂಡು ಮನೆಗೆ ನಡೆಯುತ್ತಾರೆ.