ಕೊಸರಿಗೊಂದು ಪೊಟ್ಟಣ

ನಮ್ಮ ಮಾವನವರ ಬಲಗೈ ಸುಮ್ಮನಿದ್ದದ್ದನ್ನು ನಾನು ಒಂದೇ ಒಂದು ಸಲ ಕಂಡಿದ್ದೇನೆ. ನಲವತ್ತು ವರ್ಷ ತರಗುಪೇಟೆಯ ಅಂಗಡಿಯಲ್ಲಿ ತೊಗರಿ, ಹೆಸರು, ಕಡಲೆಗಳನ್ನು ಮುಷ್ಟಿಯಲ್ಲೆತ್ತಿ, ಬೆರಳ ಸಂದಿಯಿಂದ ಸುರಿಸಿ, ಅವುಗಳ ಜಾತಕ ಹೇಳುತ್ತಿದ್ದ ಆ ಅಂಗೈ, ವ್ಯಾಪಾರವನ್ನು ಮಗನಿಗೆ ಒಪ್ಪಿಸಿದ ಮೇಲೂ ಗಾಳಿಯನ್ನು ತೂಗುತ್ತಲೇ ಇದೆ. ಕಾಫಿಗೆ ಸಕ್ಕರೆ ಎಷ್ಟು ಎಂದರೂ ಸರಿ, ನೆಂಟರ ಹುಡುಗಿಗೆ ನೋಡಿದ ಗಂಡು ಹೇಗೆ ಎಂದರೂ ಸರಿ, ಚಂದ್ರಶೇಖರಯ್ಯನವರು ಮೊದಲು ಅಂಗೈ ಬಿಚ್ಚಿ ಎರಡು ಸಲ ಮೇಲೆ ಕೆಳಗೆ ಆಡಿಸುತ್ತಾರೆ, ಉತ್ತರ ಆಮೇಲೆ. ಚಾಮರಾಜಪೇಟೆಯ ಬೀದಿಯಲ್ಲಿ ಅವರ ಕಂದು ಕೋಟಿನ ಜೇಬಿನಿಂದ ಕಾಳು ಉದುರಿ ಪಾರಿವಾಳಗಳು ಹಿಂಬಾಲಿಸುತ್ತವೆಂಬುದು ನನ್ನ ಗಂಡ ಪ್ರಭುದೇವ ಕಟ್ಟಿದ ಕಥೆ. ಕಾಳಂತೂ ನಿಜ, ಕೋಟು ಒಗೆಯುವವಳು ನಾನು.

ಕಳೆದ ಡಿಸೆಂಬರಿನಲ್ಲಿ ಮುಂಬಯಿಗೆ ನಾಲ್ಕು ದಿನ ಹೋಗುವುದೆಂದಾಯಿತು. ಈ ವಯಸ್ಸಿಗೂ ಸಮುದ್ರ ಕಾಣದ ಅತ್ತೆ ಶೈಲಜಮ್ಮನವರ ಆಸೆ ಅದು. ದಿನದ ಖರ್ಚಿನ ಅಂದಾಜು ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮೂರು ವರ್ಷದ ಮಗಳು ಶರಣ್ಯಳನ್ನು ಕಟ್ಟಿಕೊಂಡು ಆ ಜನಸಂದಣಿಗೆ ಇಳಿಯುವುದನ್ನು ನೆನೆದರೇ ಹೆದರುವ ಸ್ವಭಾವ ನನ್ನದು. ಕೋಣೆ, ಊಟ, ಟ್ಯಾಕ್ಸಿಗಳ ಕೆಳಗೆ ಪ್ರತಿದಿನಕ್ಕೂ ‘ಆಪತ್ತು’ ಎಂದು ಐದು ಸಾವಿರ ಬರೆದೆ. ಮೊತ್ತ ಕಂಡ ಪ್ರಭುದೇವ, “ಇಷ್ಟಾಗೋದಾದ್ರೆ ಬೇಡ ಬಿಡು, ಮುಂದಿನ ವರ್ಷ ನೋಡೋಣ” ಎಂದ. ಅತ್ತೆ ಪ್ರವಾಸಕ್ಕೆಂದು ಕೊಂಡ ಹೊಸ ಚಪ್ಪಲಿಯನ್ನು ಮತ್ತೆ ಡಬ್ಬಕ್ಕೆ ಹಾಕಿದರು.

ಮಾವ ಹಾಳೆಯನ್ನು ಅಂಗೈಯಲ್ಲಿಟ್ಟು ತೂಗಿದರು. “ಏನಮ್ಮಾ, ನಾವು ಹೋಗ್ತಿರೋದು ಮುಂಬಯಿಗಾ, ಆಸ್ಪತ್ರೆಗಾ?”

“ಮಗು ಇದೆಯಲ್ಲ ಮಾವ...”

“ಇದ್ರಲ್ಲಿ ಮಗು ಎಲ್ಲಿದೆ? ಅದರ ಜ್ವರ ಮಾತ್ರ ಇದೆ.”

ನಾಲ್ಕು ದಿನದ ಆಪತ್ತನ್ನು ಒಂದು ದಿನಕ್ಕಿಳಿಸಿ, ಆ ಹಣವನ್ನು ಕೋಟಿನ ಒಳಜೇಬಿನಲ್ಲಿಟ್ಟು ನನ್ನ ಕೈಯಲ್ಲೇ ಹೊಲಿಸಿದರು. ಮಿಕ್ಕದ್ದನ್ನು, ಹಿಂದೆ ಬೇಳೆಯ ಮಾದರಿ ಕಟ್ಟುತ್ತಿದ್ದಂತೆಯೇ, ದಿನಕ್ಕೊಂದು ಕಾಗದದ ಪೊಟ್ಟಣವಾಗಿ ಮಡಿಚಿ, ಪ್ರತಿಯೊಂದರೊಳಗೆ ಇನ್ನೊಂದು ಪುಟ್ಟ ಪೊಟ್ಟಣವಿಟ್ಟರು. ಅದರ ಮೇಲೆ ‘ಕೊಸರು’ ಎಂದು ಬರೆದಿತ್ತು. ಒಳಗೆ ಇನ್ನೂರರ ಒಂದು ನೋಟು. ಪಟ್ಟಿಯಲ್ಲಿಲ್ಲದ ಯಾವುದಕ್ಕಾದರೂ ಅದು ಅಂದೇ ಖರ್ಚಾಗಬೇಕೆಂಬುದು ಅವರ ಕಟ್ಟಪ್ಪಣೆ. ಅತ್ತೆಯ ಚಪ್ಪಲಿ ಡಬ್ಬದಿಂದ ಹೊರಬಂತು.

ಮೊದಲ ದಿನದ ಕೊಸರನ್ನು ನಾನು ಗುಟ್ಟಾಗಿ ಉಳಿಸಿದೆ. ಸಂಜೆ ಕಡಲತೀರದಲ್ಲಿ ಮಾವ ಅದೇನಾಯಿತೆಂದು ಕೇಳಿಯೇ ಬಿಟ್ಟರು.

“ನಾಳೆಗಿರ್ಲಿ ಅಂತ ಇಟ್ಟಿದೀನಿ ಮಾವ.”

“ಅಳತೆ ಮುಗಿದ್ಮೇಲೆ ಮೇಲಿಂದ ಹಾಕೋ ಹಿಡೀನಮ್ಮಾ ಕೊಸರು. ಅದನ್ನೂ ಅಳೆದಿಟ್ರೆ ಅದೂ ದಿನಸಿನೇ!”

ಅಷ್ಟರಲ್ಲಿ ಅತ್ತೆ ಹುಡುಗಿಯಂತೆ ಕಿರುಚಿದರು. ಅಲೆಯೊಂದು ಅವರ ಹೊಸ ಚಪ್ಪಲಿಯಲ್ಲಿ ಒಂದನ್ನು ಒಯ್ದಿತ್ತು. “ಹೋಗ್ಲಿ ಬಿಡೇ, ಸಮುದ್ರಕ್ಕೆ ನಮ್ಮ ಕೊಸರು” ಎಂದರು ಮಾವ. ಅತ್ತೆ ಇನ್ನೊಂದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನಕ್ಕರು.

ಕೊನೆಯ ದಿನ ಶರಣ್ಯ ಕೆಂಪು ಡಬಲ್ ಡೆಕ್ಕರ್ ಬಸ್ಸನ್ನು ಕಂಡು ರಸ್ತೆಯಲ್ಲೇ ನಿಂತಳು. ನಮಗೆ ಆ ದಿಕ್ಕಿನಲ್ಲಿ ಕೆಲಸವಿರಲಿಲ್ಲ. ಬಸ್ಸಿನ ಮೆಟ್ಟಿಲು ಕಡಿದಾಗಿತ್ತು, ಜನ ಕಿಕ್ಕಿರಿದಿದ್ದರು. ಆದರೂ ಪುಟ್ಟ ಪೊಟ್ಟಣವನ್ನು ನಾನೇ ಬಿಚ್ಚಿದೆ. ಕೊನೆಯ ಸ್ಟಾಪಿನವರೆಗೆ ಹೋಗಿ, ಇಳಿಯದೆ, ಮತ್ತೆ ಟಿಕೆಟು ಕೊಂಡು ಅದೇ ಬಸ್ಸಿನಲ್ಲಿ ಹಿಂದಿರುಗಿದೆವು. ಮರಳುವಾಗ ಸಿಕ್ಕ ಮಹಡಿಯ ಮುಂದಿನ ಸೀಟಿನಲ್ಲಿ ಶರಣ್ಯ ತಾತನ ಬಲಗೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ದಾರಿಯುದ್ದಕ್ಕೂ ಆ ಕೈ ಅಲುಗಲಿಲ್ಲ.

ತೂಗಿ ಬದುಕುವವರನ್ನು ಜಿಪುಣರೆಂದುಬಿಡುವುದು ಲೋಕದ ರೂಢಿ. ಹತ್ತಿರದಿಂದ ನೋಡಿದರೆ, ಅಳತೆ ಎಲ್ಲಿಗೆ ಮುಗಿಯುತ್ತದೆಂದು ಬಲ್ಲವರು ಅವರೇ. ಹಾಗೆ ಬಲ್ಲವರಾದ್ದರಿಂದಲೇ ಅದರ ಮೇಲೊಂದು ಹಿಡಿಯನ್ನು ಕೈ ನಡುಗದೆ ಹಾಕುತ್ತಾರೆ. ನನ್ನಂಥವರು ಇನ್ನೂ ಅಳೆಯುತ್ತಲೇ ಇರುತ್ತೇವೆ.