ತಮ್ಮನಿಗೆ ಹೊಡೆದ ಪಾಪ

"ಇದು ಬರೀ ಅಭ್ಯಾಸ. ಆದ್ರೂ ಇಲ್ಲಿ ಹೇಳಿದ್ದು ಇಲ್ಲೇ ಇರುತ್ತೆ. ಕುತ್ತಿಗೆ ಕೊಯ್ದರೂ ಫಾದರ್ ಬಾಯಿ ಬಿಡಲ್ಲ. ನಾನೂ ಅಷ್ಟೆ," ಎಂದು ಧರ್ಮೋಪದೇಶದ ಟೀಚರ್ ಸ್ಟ್ಯಾಂಡಿನ ಮೇಲಿದ್ದ ಬೋರ್ಡಿನ ಹಿಂದೆ ಕುರ್ಚಿ ಎಳೆದುಕೊಂಡು ಕೂತರು.

ಭಾನುವಾರ ಏಳನೇ ತರಗತಿಯವರಿಗೆ ದೃಢೀಕರಣ ಸಂಸ್ಕಾರ. ಅದಕ್ಕೆ ಮೊದಲು ಎಲ್ಲರೂ ಚರ್ಚಿನಲ್ಲಿ ಫಾದರ್ ಕಿವಿಗೆ ತಮ್ಮ ಪಾಪಗಳನ್ನು ಹೇಳಿಕೊಂಡು ಪಾಪನಿವೇದನೆ ಮಾಡಬೇಕು. ಇವತ್ತು ಅದರ ಅಭ್ಯಾಸ. ಪಾಪವೇ ನೆನಪಾಗದ ಪುಣ್ಯಾತ್ಮರಿಗೆಂದು ಟೀಚರ್ ಬೋರ್ಡಿನ ಮೇಲೆ ಬರೆದಿಟ್ಟಿದ್ದರು: ಸುಳ್ಳು ಹೇಳಿದ್ದು, ಅಮ್ಮನಿಗೆ ಎದುರುತ್ತರ ಕೊಟ್ಟದ್ದು, ತಮ್ಮನಿಗೆ ಹೊಡೆದದ್ದು. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಅದನ್ನೇ ಗಿಳಿಪಾಠ ಒಪ್ಪಿಸಿ, ನಗು ತಡೆಯಲಾರದೆ ಹೊರಗೆ ಓಡಿದರು.

ಕೊನೆಗೆ ಉಳಿದವಳು ದರ್ಜಿಯ ಕಿರಿಮಗಳು. ಅವಳಿಗೆ ತಮ್ಮನಿಲ್ಲ, ಇರುವುದು ಒಬ್ಬಳೇ ಅಕ್ಕ. ಸನ್ಯಾಸಕ್ಕೆ ಬರುವ ದೈವಕರೆಯ ಪಾಠದ ದಿನ ಟೀಚರ್ ಆ ಅಕ್ಕನನ್ನೇ ತರಗತಿಗೆ ಕರೆಸಿ, "ನೋಡಿ, ದೇವರು ಕರೆದಿದಾನೆ. ಕಾನ್ವೆಂಟ್ ಸೇರ್ತಾಳೆ, ಸಿಸ್ಟರ್ ಆಗ್ತಾಳೆ," ಎಂದು ಚಪ್ಪಾಳೆ ಹೊಡೆಸಿದ್ದರು. ಅಂದಿನಿಂದ ತರಗತಿ ಮುಗಿಯುತ್ತಿದ್ದದ್ದು ಅವಳ ಹೆಸರಿನ ಪ್ರಾರ್ಥನೆಯಿಂದಲೇ.

ಹುಡುಗಿ ಮಂಡಿಯೂರಿದಳು. ಎಷ್ಟೋ ದಿನದಿಂದ ಮುಚ್ಚಿಟ್ಟಿದ್ದು ತಾನಾಗಿಯೇ ಹೊರಬಂತು. "ಎಲ್ರೂ ಅಕ್ಕನಿಗೋಸ್ಕರ ಪ್ರಾರ್ಥನೆ ಮಾಡುವಾಗ ನಾನು, ಕಾನ್ವೆಂಟಿನೋರು ಅವಳನ್ನ ಬೇಡ ಅನ್ಲಿ ಅಂತ ಕೇಳ್ಕೋತೀನಿ. ದಿನಾ. ಅವಳು ಹೋದ್ರೆ ನಂಗೆ ಯಾರೂ ಇಲ್ಲ."

"ದೇವರಿಗೆ ಅರ್ಥ ಆಗುತ್ತೆ, ಮಗು," ಎಂದರು ಟೀಚರ್. ಹುಡುಗಿಯ ಎದೆ ಹಗುರಾಯಿತು. ಆವತ್ತು ಮನೆಗೆ ಕುಣಿದುಕೊಂಡೇ ಹೋದಳು.

ಎರಡು ದಿನ ಬಿಟ್ಟು ಊಟಕ್ಕೆ ಕೂತಾಗ ಅಪ್ಪ ಮುಸಿಮುಸಿ ನಗುತ್ತ, "ಏನಮ್ಮ, ದೇವರ ಹತ್ರಾನೇ ಅಕ್ಕನ ಮೇಲೆ ಚಾಡಿ ಹೇಳ್ತಿದೀಯಂತೆ?" ಎಂದ. ರವಿಕೆ ಹೊಲಿಸಲು ಬಂದಿದ್ದ ಟೀಚರ್ ಅಳತೆ ಕೊಡುತ್ತ ಕೊಡುತ್ತ ಎಲ್ಲವನ್ನೂ ಹೇಳಿ ಹೋಗಿದ್ದರು. ಅಮ್ಮನೂ ನಕ್ಕಳು. ಅಕ್ಕ ಮಾತ್ರ ನಗಲಿಲ್ಲ. "ದಿನಾ ರಾತ್ರಿ ಜಪಕ್ಕೆ ನನ್ನ ಪಕ್ಕದಲ್ಲೇ ಮಂಡಿಯೂರಿ ಇದನ್ನ ಕೇಳ್ತಿದ್ಯಾ?" ಎಂದು ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಹುಡುಗಿಗೆ ಅಕ್ಕನ ಸಿಟ್ಟಿಗಿಂತ ಟೀಚರ್ ಅಂದಿದ್ದ ಆ "ಮಗು" ಹೆಚ್ಚು ಉರಿಯುತ್ತಿತ್ತು. ನಂಬಿಸಿ ಕುತ್ತಿಗೆ ಕೊಯ್ದಿದ್ದರು.

ಶನಿವಾರ ಚರ್ಚಿನಲ್ಲಿ ನಿಜವಾದ ಪಾಪನಿವೇದನೆ. ಸಾಲಿನಲ್ಲಿ ಟೀಚರ್ ಅವಳ ತಲೆ ಸವರಿ, "ಹೆದರಬೇಡ, ಅಭ್ಯಾಸದಲ್ಲಿ ಹೇಳಿದ ಹಾಗೇ ಹೇಳು," ಎಂದರು. ಅವಳು ಫಾದರ್ ಮರೆಯಲ್ಲಿ ಕೂತಿದ್ದ ಜಾಲರಿಯ ಮುಂದೆ ಮಂಡಿಯೂರಿ ಒಂದೇ ಉಸಿರಿಗೆ ಒಪ್ಪಿಸಿದಳು. "ಸುಳ್ಳು ಹೇಳ್ದೆ. ಅಮ್ಮನಿಗೆ ಎದುರುತ್ತರ ಕೊಟ್ಟೆ. ತಮ್ಮನಿಗೆ ಹೊಡೆದೆ."

ಜಾಲರಿಯಾಚೆ ಫಾದರ್ ಕೆಮ್ಮಿದರು. "ನಿಂಗೆ ತಮ್ಮ ಇಲ್ವಲ್ಲ?"

ಅವಳು ಜಾಲರಿಯ ತೂತುಗಳನ್ನು ಎಣಿಸತೊಡಗಿದಳು.

"ಇರಲಿ. ಪ್ರಾಯಶ್ಚಿತ್ತಕ್ಕೆ ಮೂರು ಸಲ ನಮೋ ಮರಿಯಾ ಜಪ ಹೇಳು, ಅಕ್ಕನಿಗೋಸ್ಕರ." ಅವರ ದನಿಯಲ್ಲೂ ನಗುವಿತ್ತು. "ಈ ಸಲ ಅವಳು ಕಾನ್ವೆಂಟಿಗೆ ಹೋಗ್ಲಿ ಅಂತಾನೇ ಕೇಳ್ಕೋ."

ಸುದ್ದಿ ಇಲ್ಲಿಗೂ ಬಂದು ಮುಟ್ಟಿತ್ತು.

ಅವಳು ಎದ್ದು ಅಕ್ಕನ ಬೆಂಚಿಗೆ ಬಂದಳು. ಅಕ್ಕ ಸರಿದು ಜಾಗ ಮಾಡಿಕೊಟ್ಟಳು. "ಏನು ಹೇಳ್ದೆ?" ಎಂದು ಮೆಲ್ಲಗೆ ಕೇಳಿದಳು. ಈಗ ಸಿಟ್ಟಿರಲಿಲ್ಲ.

"ಟೀಚರನ್ನ ಕೇಳು."

ಹುಡುಗಿ ಮಂಡಿಯೂರಿ, ಕೈಜೋಡಿಸಿ, ಬಾಯಿ ಬಿಗಿಹಿಡಿದಳು. ಅವಳ ತುಟಿ ಅಲ್ಲಾಡುವುದನ್ನೇ ಕಾಯುತ್ತ ಅಕ್ಕ ಪಕ್ಕದಲ್ಲಿ ಕೂತೇ ಇದ್ದಳು.